ನಾವಿಲ್ಲದ ಹೊತ್ತಿನ ಊರು

2022ರ ಏಪ್ರಿಲ್‌ನಲ್ಲಿ ನಾವು ಬೆಂಗಳೂರಿನ ಮನೆ ಖಾಲಿ ಮಾಡಿ ರಾಮನಗರಕ್ಕೆ ಬಂದೆವು. ಕೆಲಸ ಬೆಂಗಳೂರಲ್ಲೇ ಉಳಿಯಿತು. ನನಗೆ ಎಂ.ಜಿ. ರಸ್ತೆಯ ಹತ್ತಿರದ ಸಣ್ಣ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆಯುವ ಕೆಲಸ, ನಮ್ಮನೆಯವರಿಗೆ ಕುಂಬಳಗೋಡಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ. ಮಗಳಿಗೆ ಆಗ ಮೂರು ತುಂಬುವುದರಲ್ಲಿತ್ತು. ಕೋವಿಡ್ ಇದ್ದಷ್ಟು ಕಾಲ ಬೀದಿಗೆ ನಾಲ್ಕು ‘ಟು ಲೆಟ್’ ಬೋರ್ಡು ತೂಗುತ್ತಿದ್ದುದರಿಂದ ಬಾಡಿಗೆಯ ಸುದ್ದಿ ಎತ್ತದೆ ಇದ್ದ ಮಾಲೀಕರು, ಕಚೇರಿಗಳು ಬಾಗಿಲು ತೆರೆದ ಕೂಡಲೇ ಮಹಡಿ ಇಳಿದು ಬಂದರು. ಹದಿನಾಲ್ಕು ಸಾವಿರ ಇದ್ದದ್ದು ಹದಿನೆಂಟಾಗಬೇಕು, ಅಡ್ವಾನ್ಸ್ ಕೂಡ ಅದೇ ಲೆಕ್ಕದಲ್ಲಿ ಹತ್ತು ತಿಂಗಳಿಗೆ ಏರಬೇಕು. ಒಂದೇ ಕೋಣೆಯ ಆ ಮನೆಗೆ ಬಿಸಿಲು ಬೀಳುತ್ತಿದ್ದುದು ಬಟ್ಟೆ ಒಣಗಿಸುವ ಕಂಬಿಯ ಮೇಲೆ ಮಾತ್ರ. ಇವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಆಡಿಸಬೇಕಿತ್ತು.

ಊರು ಹುಡುಕುವ ಕೆಲಸ ಅದರ ಹಿಂದಿನ ಚಳಿಗಾಲದಲ್ಲೇ ಶುರುವಾಗಿತ್ತು. ರೈಲು ಇರಬೇಕು, ಬಾಡಿಗೆ ಎಂಟು ಸಾವಿರ ದಾಟಬಾರದು, ಎರಡು ಕೋಣೆ ಇರಬೇಕು, ಮಗು ಶಾಲೆಯಲ್ಲಿ ಕನ್ನಡ ಕಲಿಯಬೇಕು, ಕುಂಬಳಗೋಡು ತೀರಾ ದೂರವಾಗಬಾರದು. ಹೀಗೆ ಬರೆದುಕೊಂಡರೆ ಭೂಪಟ ತಾನಾಗಿ ಸಣ್ಣದಾಗುತ್ತದೆ. ಮಾಗಡಿ ನನಗೆ ಇಷ್ಟ, ಚಿಕ್ಕಮ್ಮನ ಮನೆ ಇರುವ ಊರು, ಆದರೆ ಅಲ್ಲಿಗೆ ರೈಲಿಲ್ಲ. ಕನಕಪುರಕ್ಕೂ ಇಲ್ಲ. ತುಮಕೂರು ಓಡಾಡುವವರ ಊರೇ ಹೌದು. ಎಪ್ಪತ್ತು ಕಿಲೋಮೀಟರನ್ನು ದಿನವೂ ಹೋಗಿ ಬಂದು ಸರ್ವಿಸ್ ಮುಗಿಸಿ ಪಿಂಚಣಿ ಪಡೆಯುತ್ತಿರುವವರು ಅಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆದರೆ ಇವರ ಕಾರ್ಖಾನೆಗೆ ಅದು ಪೂರ್ತಿ ಬೇರೆ ದಿಕ್ಕು. ಮಾಲೂರು ಹೆಂಚು, ಇಟ್ಟಿಗೆಯ ಊರು. ಬಾಡಿಗೆ ಕೈಗೆಟಕುವಂತಿತ್ತು, ರೈಲುಗಳೂ ಇದ್ದವು. ವೈಟ್‌ಫೀಲ್ಡಿನಲ್ಲೋ ಕೆ.ಆರ್. ಪುರದಲ್ಲೋ ಕೆಲಸ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ನಮಗೆ ಅಲ್ಲೂ ದಿಕ್ಕು ತಪ್ಪಿತು.

ಹೊಸೂರಿಗೂ ಹೋಗಿ ಬಂದೆವು. ಹವೆ ತಂಪು, ಮನೆ ದೊಡ್ಡವು, ಕನ್ನಡ, ತೆಲುಗು ಆಡುವವರು ಬೇಕಾದಷ್ಟು. ಆದರೆ ಅದು ತಮಿಳುನಾಡು. ಅಲ್ಲಿನ 2006ರ ಕಾಯ್ದೆ ಒಂದರಿಂದ ಹತ್ತನೇ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿದೆ. ಮಗು ತಮಿಳು ಕಲಿತರೆ ಲಾಭವೇ ಹೊರತು ನಷ್ಟವಿಲ್ಲ ಎಂದು ಇವರು ವಾದ ಹೂಡಿದರು. ನಾಲ್ಕು ವರ್ಷಕ್ಕೆ ಮತ್ತೆ ಕರ್ನಾಟಕಕ್ಕೆ ಬಂದರೆ ಕನ್ನಡದಲ್ಲಿ ಅ ಆ ಇ ಈಯಿಂದ ಶುರುಮಾಡಬೇಕಲ್ಲ ಎಂದು ನಾನು. ನಾಲ್ಕು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುತ್ತೇವೆ ಎಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ. ಬಾಡಿಗೆ ಮನೆಯವರ ಲೆಕ್ಕಾಚಾರವೇ ಹಾಗೆ.

ಬಿಡದಿ ಎಲ್ಲಕ್ಕಿಂತ ಅನುಕೂಲ ಎಂದುಕೊಂಡಿದ್ದೆವು. ಕಾರ್ಖಾನೆಗಳು ಬಂದ ಮೇಲೆ ಅಲ್ಲಿ ಮನೆ ಕಟ್ಟುವವರೆಲ್ಲ ಸಾಲಾಗಿ ಕೋಣೆ ಕಟ್ಟುತ್ತಾರೆ. ಒಂದೊಂದು ಕೋಣೆಯಲ್ಲಿ ಪಾಳಿ ಬದಲಿಸಿ ಮಲಗುವ ನಾಲ್ಕಾರು ಹುಡುಗರು, ತಲೆಗಿಷ್ಟು ಎಂದು ಬಾಡಿಗೆ. ಅಷ್ಟು ಹುಟ್ಟುವ ಕಡೆ ಗಂಡ, ಹೆಂಡತಿ, ಮಗು ಇರುವ ಒಂದು ಸಂಸಾರಕ್ಕೆ ಕಡಿಮೆಗೆ ಯಾರು ಕೊಡುತ್ತಾರೆ? ದಲ್ಲಾಳಿಗಳ ಕಥೆ ಬೇರೆಯೇ. ಬಾಡಿಗೆ ಮನೆ ಕೇಳಿದರೆ ಸೈಟು ತೋರಿಸುವುದು ಎಲ್ಲ ಊರಲ್ಲೂ ಒಂದೇ ಥರ. ರಾಗಿ ಕೊಯ್ದ ಹೊಲದಲ್ಲಿ ಕಲ್ಲು ನೆಟ್ಟು, “ಇಲ್ಲಿಂದ ಮೆಜೆಸ್ಟಿಕ್ ಮುಕ್ಕಾಲು ಗಂಟೆ ಮೇಡಂ” ಎನ್ನುವವನ ಕೈಗಡಿಯಾರ ಯಾವ ದೇಶದ್ದೋ.

ಕೊನೆಗೆ ರಾಮನಗರ. ಬೆಂಗಳೂರಿನಿಂದ ಐವತ್ತು ಕಿಲೋಮೀಟರಿನ ಒಳಗೆ, ಜೋಡಿ ಹಳಿ, ಜಿಲ್ಲಾಸ್ಪತ್ರೆ ಇರುವ ಜಿಲ್ಲಾ ಕೇಂದ್ರ. ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲಿ ಆರೂವರೆ ಸಾವಿರಕ್ಕೆ ಎರಡು ಕೋಣೆಯ ಮನೆ ಸಿಕ್ಕಿತು. ಹಿತ್ತಲಲ್ಲಿ ನುಗ್ಗೆ ಮರ, ಕಿಟಕಿಯಲ್ಲಿ ಬಂಡೆ ಬೆಟ್ಟ. ನೆಂಟರೆಲ್ಲ ‘ಷೋಲೆ’ ಊರು ಎಂದರು. 1975ರ ಸಿನಿಮಾ ಇಂದಿಗೂ ಈ ಊರಿನ ಬೆನ್ನು ಬಿಟ್ಟಿಲ್ಲ. ಊರಿನವರಿಗೆ ಅದು ರೇಷ್ಮೆಯ ಊರು. ದೂರದ ತಾಲ್ಲೂಕುಗಳಿಂದ, ಆಂಧ್ರ, ತಮಿಳುನಾಡಿನಿಂದ ಗೂಡಿನ ಚೀಲಗಳು ಬಂದು ಬೀಳುವ ಮಾರುಕಟ್ಟೆ ಇಲ್ಲಿದೆ. ಹಳೆಯ ಬೀದಿಗಳಲ್ಲಿ ನೂಲು ಬಿಚ್ಚುವ ಮನೆಗಳಿವೆ, ಬೆಂದ ಹುಳುವಿನ ವಾಸನೆ ಇದೆ. ಮೊದಲ ವಾರ ಆ ವಾಸನೆಗೆ ನನ್ನ ಹೊಟ್ಟೆ ತೊಳಸಿತು. ಈಗ ಬೆಂಗಳೂರಿನಿಂದ ಇಳಿದಾಗ ಅದು ಮೂಗಿಗೆ ಬಡಿಯದಿದ್ದರೆ, ಇವತ್ತೇಕೆ ಒಲೆ ಹಚ್ಚಿಲ್ಲ ಎಂದು ಯೋಚನೆ ಬರುತ್ತದೆ.

ನಮಗೆ ಬಿಡುವು ಇದ್ದದ್ದು ಭಾನುವಾರ ಮಾತ್ರ. ಹಾಗಾಗಿ ನೋಡಿದ ಊರೆಲ್ಲ ಭಾನುವಾರದ ಊರುಗಳೇ. ಬೀದಿಯಲ್ಲಿ ಗಂಡಸರು ಇರುತ್ತಿದ್ದರು, ಮಕ್ಕಳು ಆಡುತ್ತಿದ್ದವು, ಮನೆ ಮಾಲೀಕರು ಕಾಫಿ ಕೊಡುತ್ತಿದ್ದರು. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಆ ಬೀದಿಯಲ್ಲಿ ಯಾರಿರುತ್ತಾರೆ ಎಂದು ಕೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ದಿನವೂ ಓಡಾಡುವವರು ಊರು ಆರಿಸುವುದು ತಾವು ಅಲ್ಲಿ ಇಲ್ಲದ ಹೊತ್ತಿಗೆ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಎಂಟರವರೆಗೆ ಮಗು ಇರುವ ಊರನ್ನು ನಾವು ಕಾಣುವುದೇ ಇಲ್ಲ. ಇದು ತಿಳಿಯಲು ನಮಗೆ ಒಂದು ಮಳೆಯೂ ಒಂದು ಜ್ವರವೂ ಬೇಕಾದವು.

ಮೊದಲು ರೈಲಿನ ಮಾತು ಹೇಳಿಬಿಡುತ್ತೇನೆ. ಕೇತೋಹಳ್ಳಿ, ಬಿಡದಿ, ಹೆಜ್ಜಾಲ, ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿ. ಲೇಡೀಸ್ ಬೋಗಿಯಲ್ಲಿ ಜಾಗ ಹಿಡಿಯುವುದಕ್ಕೆ ಬರೆಯದ ಕಾನೂನುಗಳಿವೆ. ಮದ್ದೂರು, ಮಂಡ್ಯದಿಂದ ಬಂದವರು ಕಿಟಕಿಗಳನ್ನು ಆಗಲೇ ಹಿಡಿದಿರುತ್ತಾರೆ. ಚನ್ನಪಟ್ಟಣದವರು ಅವರ ಪಕ್ಕ ಒತ್ತಿಕೊಂಡಿರುತ್ತಾರೆ. ರಾಮನಗರದವರ ಪಾಲಿಗೆ ಬಾಗಿಲು ಉಳಿಯುತ್ತದೆ. ಕೆಂಗೇರಿಯಲ್ಲಿ ಇಳಿಯುವವರು ಯಾರೆಂದು ನೋಡಿಟ್ಟುಕೊಂಡು ಅವರ ಮಂಡಿಯ ಎದುರು ನಿಂತರೆ ಕೊನೆಯ ಅರ್ಧ ಗಂಟೆ ಕೂರಬಹುದು. ಅವರೆಕಾಯಿಯ ಕಾಲದಲ್ಲಿ ಸಂಜೆಯ ಬೋಗಿಯಲ್ಲಿ ನೆಲ ಕಾಣುವುದಿಲ್ಲ. ಚೀಲ ಬಿಚ್ಚಿ ಸಿಪ್ಪೆ ಸುಲಿಯುವವರಿಗೆ ಪಕ್ಕದವರು, ಎದುರಿನವರು ಕೈಜೋಡಿಸುತ್ತಾರೆ. ಊರು ಬರುವ ಹೊತ್ತಿಗೆ ಒಂದು ಮನೆಯ ಸಾರಿನ ಕಾಳು ತಯಾರು. ಆಯುಧಪೂಜೆಗೆ ಬಾಳೆಕಂದು, ಹೊಸದಾಗಿ ಬಸುರಾದವರಿಗೆ ಮಡಿಲಿಗೆ ಹೂವು, ಹಣ್ಣು. ನನಗೂ ಆಯಿತು. ಆ ವರ್ಷ ಜೂನ್ ಕಳೆಯುವಷ್ಟರಲ್ಲಿ ಎರಡನೆಯ ಮಗು ಬಂದದ್ದನ್ನು ಮನೆಯವರಿಗಿಂತ ಮೊದಲು ಕಂಡುಹಿಡಿದವರು ಬೋಗಿಯ ಹೆಂಗಸರು. ಬಾಗಿಲಲ್ಲಿ ನಿಂತಿದ್ದವಳನ್ನು ಮಂಡ್ಯದ ಟೀಚರೊಬ್ಬರು ಕೈಹಿಡಿದು ಎಳೆದು ಕೂರಿಸಿ, “ಇನ್ನು ಬಾಗ್ಲಿಗೆ ಬಂದ್ರೆ ನೋಡು” ಎಂದರು.

ಬೆಳಗಿನ ಪಯಣ ಹೀಗೆ ಸಾಗುತ್ತದೆ. ಸಂಜೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಿಗ್ನಲ್ ಸಿಗದೆ ಗಾಡಿ ನಿಂತರೆ, ವೇಗದ ಗಾಡಿಗೆ ದಾರಿ ಬಿಡಲು ಪಕ್ಕದ ಹಳಿಗೆ ಸರಿದರೆ, ಎಷ್ಟು ಹೊತ್ತು ಎಂದು ಕೇಳಲು ಯಾರೂ ಇಲ್ಲ. ಬೆಳಿಗ್ಗೆ ತಡವಾದರೆ ಕಾಯುವವರು ಮ್ಯಾನೇಜರು. ಸಂಜೆ ಕಾಯುವುದು ಮಗು.

ಆಗಸ್ಟ್ ಕೊನೆಗೆ ಮಳೆ ಹಿಡಿಯಿತು. ಗೌರಿ ಹಬ್ಬದ ಹಿಂದಿನ ದಿನ, 29ನೇ ತಾರೀಕು ಸೋಮವಾರ, ಬೆಳಕು ಹರಿಯುವ ಮುಂಚೆ ಮಗಳು “ಅಮ್ಮಾ, ಚಪ್ಪಲಿ ಈಜ್ತಾ ಇದೆ” ಎಂದಳು. ಕನಸು ಎಂದುಕೊಂಡೆ. ಕಾಲಿಟ್ಟರೆ ತಣ್ಣಗೆ ಪಾದ ಮುಳುಗಿತು. ಬೆಳಗಾಗುವಷ್ಟರಲ್ಲಿ ಮೊಣಕಾಲು. ಸುತ್ತಲ ಕೆರೆಗಳು ತುಂಬಿ ಒಡೆದಿದ್ದವು. ಹೆದ್ದಾರಿಯ ಕೆಳಸೇತುವೆಯಲ್ಲಿ ವಾಹನಗಳು ಮುಳುಗಿ ನಿಂತಿದ್ದವು. ಮೈಸೂರಿಗೆ ಹೋಗುವವರು ಕನಕಪುರದ ದಾರಿ ಹಿಡಿಯಿರಿ ಎಂದು ಪೊಲೀಸರು ಹೇಳುತ್ತಿದ್ದರು. ಅಂದು ಮುಖ್ಯಮಂತ್ರಿ ಬೊಮ್ಮಾಯಿ ಬಂದು ನೋಡಿಹೋದರು. ಟಿವಿಯವರು ಹೆದ್ದಾರಿಯ ನೀರನ್ನೇ ತೋರಿಸಿದರು, ಅದು ಹತ್ತು ಪಥದ ಹೊಸ ರಸ್ತೆಯ ನೀರು ನೋಡಿ. ನಮ್ಮ ಬೀದಿಯ ನೀರಿಗೆ ಅಷ್ಟು ಬೆಲೆ ಇರಲಿಲ್ಲ.

ನಾನು ಮೂರೂವರೆ ತಿಂಗಳ ಬಸುರಿ. ಇವರು ರಾತ್ರಿ ಪಾಳಿಯಲ್ಲಿದ್ದರು, ಬರಲು ರಸ್ತೆಯೇ ಇಲ್ಲ. ಮಂಚದ ಮೇಲೆ ಅಕ್ಕಿಯ ಡಬ್ಬ, ಅದರ ಮೇಲೆ ಮಾರ್ಕ್ಸ್ ಕಾರ್ಡುಗಳ ಫೈಲು, ಅದರ ಪಕ್ಕ ಮಗಳು. ಗ್ಯಾಸ್ ಸಿಲಿಂಡರ್ ಅಡುಗೆಮನೆಯಲ್ಲಿ ತೇಲಿ ಗೋಡೆಗೆ ಢಣ್ ಢಣ್ ಎಂದು ಬಡಿಯುತ್ತಿತ್ತು. ನೀರು ಒಂದೇ ಸಮನೆ ಏರುತ್ತಿದ್ದರೆ ಹೆದರಿಕೆ ಇಷ್ಟಿರುತ್ತಿರಲಿಲ್ಲವೇನೋ. ಅದು ನಿಲ್ಲುತ್ತಿತ್ತು, ಇಳಿದಂತೆ ಕಾಣುತ್ತಿತ್ತು, ಮತ್ತೆ ಒಂದು ಗೇಣು ಏರುತ್ತಿತ್ತು. ಕೂಗಿದೆ. ಅಕ್ಕಪಕ್ಕದವರು ತಮ್ಮ ತಮ್ಮ ಮನೆಯ ಪಾಡಿನಲ್ಲಿದ್ದರು. ಆಗ ಹಿಂದಿನ ಎತ್ತರದ ಬೀದಿಯಿಂದ ಇಬ್ಬರು ಹುಡುಗರು ಹಗ್ಗ ಹಿಡಿದು ಬಂದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನನ್ನನ್ನು ಹಗ್ಗ ಹಿಡಿಸಿ ನಡೆಸಿಕೊಂಡು ಹೋಗಿ ಬಿಟ್ಟದ್ದು ಒಂದು ನೂಲು ಬಿಚ್ಚುವ ಮನೆಯಲ್ಲಿ.

ಆ ಮನೆಯ ಹೆಂಗಸಿಗೆ ಅರವತ್ತು ದಾಟಿತ್ತು. ನೂಲು ಬಿಚ್ಚುವ ಕಾಟೇಜ್ ಬೇಸಿನ್ನಿನ ಮುಂದೆ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳುಗಳು ಬಿಳುಚಿ, ತುದಿ ಸುಕ್ಕುಗಟ್ಟಿದ್ದವು. ಕೆಳಗಿನ ಗೋದಾಮಿನಲ್ಲಿಟ್ಟಿದ್ದ ಗೂಡಿನ ಚೀಲಗಳು ನೆನೆದು ಹಾಳಾಗಿ, ಆ ಹೊತ್ತಿಗೆ ಅವರಿಗೆ ಆಗಿದ್ದ ನಷ್ಟ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೇಳಲಿಲ್ಲ. ಗೂಡು ಬೇಯಿಸುವ ಒಲೆಯ ಮುಂದೆ ಮಗಳನ್ನು ಕೂರಿಸಿ, ಒದ್ದೆ ಫ್ರಾಕು ಬಿಚ್ಚಿ, ತಮ್ಮ ದುಪಟ್ಟಾ ಸುತ್ತಿದರು. ಮೊಮ್ಮಕ್ಕಳು ಕರೆಯುವಂತೆ ಮಗಳೂ ಅವರನ್ನು ‘ದಾದಿ’ ಎಂದಳು. ನನಗೂ ಅವರು ದಾದಿಯೇ ಆದರು. ಅವರ ಬೀದಿಯಲ್ಲೇ, ಅವರ ಮನೆಗೆ ಗೋಡೆ ಹಂಚಿಕೊಂಡ ಒಂದು ಮನೆ ಖಾಲಿ ಇತ್ತು. ಬಾಡಿಗೆ ಎಂಟು ಸಾವಿರ, ಕಿಟಕಿಯಲ್ಲಿ ಬೆಟ್ಟವಿಲ್ಲ, ನುಗ್ಗೆ ಮರವಿಲ್ಲ, ಹಗಲೆಲ್ಲ ರಾಟೆಯ ಸದ್ದು. ದಸರೆಯ ಮುಂಚೆ ಅಲ್ಲಿಗೆ ಹೋದೆವು.

ಮಗ ಹುಟ್ಟಿದ್ದು 2023ರ ಫೆಬ್ರುವರಿಯಲ್ಲಿ. ನನ್ನ ರಜೆಯಲ್ಲಿ ಊರು ಬಹಳ ಬದಲಾಯಿತು. ಮಾರ್ಚ್ 12ಕ್ಕೆ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವ ಬೈಪಾಸಿನಲ್ಲಿ ಕಾರುಗಳು ಹಾರತೊಡಗಿದವು, ಹಳೆಯ ರಸ್ತೆಯ ಬೊಂಬೆ ಅಂಗಡಿ, ಹೋಟೆಲುಗಳ ಮುಂದೆ ನಿಲ್ಲುವವರು ಕಡಿಮೆಯಾದರು. ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರಿಗೆ ಪ್ರವೇಶವಿಲ್ಲ ಎಂದಾಯಿತು. ಅಪಘಾತಗಳ ಸಂಖ್ಯೆ ನೋಡಿದರೆ ನಿಷೇಧ ಸರಿಯೇ. ಆದರೆ ಕಾರಿನಲ್ಲಿ ಹೋಗುವವರಿಗೆ ಬೆಂಗಳೂರು ಹತ್ತಿರವಾದ ಆ ವರ್ಷವೇ ಬೈಕಿನ ನಮ್ಮನೆಯವರಿಗೆ ಕುಂಬಳಗೋಡು ದೂರವಾಯಿತು. ಸರ್ವಿಸ್ ರಸ್ತೆ, ಊರೊಳಗಿನ ರಸ್ತೆ ಬಳಸಿಕೊಂಡು ಹೋಗಬೇಕು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಶೂನ್ಯ ದರದ ಟಿಕೆಟು ಹರಿದು ಕೊಡುವಾಗ ಕಂಡಕ್ಟರು ಮುಖ ಹೇಗಿಟ್ಟುಕೊಂಡರೂ ನನಗೆ ಲೆಕ್ಕವಿರಲಿಲ್ಲ. ರೈಲು ತಪ್ಪಿದ ದಿನ ಅದು ನನ್ನ ಸಂಬಳ ಉಳಿಸಿದೆ. ಸ್ಯಾಟಲೈಟ್ ಬಸ್ ನಿಲ್ದಾಣದವರೆಗೆ ನಿಂತೇ ಹೋಗಬೇಕಿತ್ತು, ಅದು ಬೇರೆ ಮಾತು.

ಹೆರಿಗೆ ರಜೆ ಕಾನೂನಿನಂತೆ 26 ವಾರ. ಐವತ್ತು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂದೂ 2017ರ ತಿದ್ದುಪಡಿ ಹೇಳುತ್ತಿತ್ತು. ನಮ್ಮ ಕಚೇರಿಯಲ್ಲಿ ಇರುವವರು ಅದಕ್ಕಿಂತ ಕಡಿಮೆ. ಇದ್ದಿದ್ದರೂ ಆರು ತಿಂಗಳ ಕೂಸನ್ನು ಲೇಡೀಸ್ ಬೋಗಿಯ ಬಾಗಿಲಲ್ಲಿ ಎತ್ತಿಕೊಂಡು ಬೆಂಗಳೂರಿಗೆ ಹೇಗೆ ತರುವುದು? ನಗರದ ಹೊರಗೆ ನೆಲೆಸಿದವರನ್ನು ಆ ಕಾನೂನು ಬರೆದವರು ನೆನೆದಿರಲಾರರು. ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಮಗನನ್ನು ದಾದಿ ಇಟ್ಟುಕೊಂಡರು. ತಿಂಗಳಿಗೆ ಇಷ್ಟು ಎಂದು ನಾವೇ ಒತ್ತಾಯ ಮಾಡಿ ಗೊತ್ತು ಮಾಡಿದೆವು. ಬೆಳಿಗ್ಗೆ ಹಾಲು ಹಿಂಡಿ ಸ್ಟೀಲ್ ಲೋಟದಲ್ಲಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಕಚೇರಿಯ ಸ್ಟೇಷನರಿ ಕೋಣೆಯಲ್ಲಿ ಫೈಲುಗಳ ಮಧ್ಯೆ ಹಿಂಡಿ ಚೆಲ್ಲುತ್ತಿದ್ದೆ. ಸಂಜೆ ಗಾಡಿ ತಡವಾದರೆ ರವಿಕೆ ಒದ್ದೆಯಾಗುತ್ತಿತ್ತು. ದುಪಟ್ಟಾ ಅಡ್ಡ ಹಾಕಿಕೊಂಡು ನಿಂತ ನನ್ನಂಥವರು ಬೋಗಿಯಲ್ಲಿ ಬೇರೆಯವರೂ ಇದ್ದರು. ಒಬ್ಬರಿಗೊಬ್ಬರು ಕಂಡರೂ ಕಾಣದ ಹಾಗೆ ಇರುತ್ತಿದ್ದೆವು.

ನವೆಂಬರಿನ ಒಂದು ದಿನ ಬೆಳಿಗ್ಗೆ ಮಗನ ಮೈ ಸ್ವಲ್ಪ ಬೆಚ್ಚಗಿತ್ತು. ತಿಂಗಳ ಕೊನೆ, ನನಗೆ ರಜೆ ಸಿಗುವಂತಿರಲಿಲ್ಲ. ಜ್ವರದ ಹನಿ ಹಾಕಿ, ಮತ್ತೆ ಎಷ್ಟು ಹೊತ್ತಿಗೆ ಹಾಕಬೇಕೆಂದು ದಾದಿಗೆ ಹೇಳಿ ಹೊರಟೆ. ಮಧ್ಯಾಹ್ನ ಫೋನು ಮಾಡಿದಾಗ ಆಡುತ್ತಿದ್ದಾನೆ ಎಂದರು. ಸಂಜೆ ಗಾಡಿ ಹೆಜ್ಜಾಲ ಬಿಟ್ಟ ಮೇಲೆ ಫೋನು ಬಂತು. ದಾದಿಯ ಅಳಿಯ. “ಅಕ್ಕ, ಮಗೂಗೆ ಫಿಟ್ಸ್ ಬಂದದೆ” ಎಂದದ್ದು ಕೇಳಿಸಿತು. ಕರೆ ಕಡಿಯಿತು. ಅಷ್ಟರಲ್ಲಿ ಗಾಡಿ ನಿಂತಿತು.

ಹೊರಗೆ ಕತ್ತಲೆ. ಹೊಲಗಳಾಚೆ ಹೆದ್ದಾರಿಯ ದೀಪಗಳು ಓಡುತ್ತಿದ್ದವು. ಫೋನಿಗೆ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು. ಇಳಿಯುತ್ತೇನೆ ಎಂದೆ. ಇಳಿದು ಆ ದೀಪಗಳವರೆಗೆ ಓಡಿ ಯಾವುದಾದರೂ ಕಾರಿಗೆ ಕೈ ಅಡ್ಡ ಹಾಕುತ್ತೇನೆ ಎಂದು ಜೋರಾಗಿಯೇ ಹೇಳಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಬಾಗಿಲ ಕಂಬಿ ಹಿಡಿದಿದ್ದ ನನ್ನ ಬೆರಳುಗಳನ್ನು ಯಾರೋ ಒಂದೊಂದಾಗಿ ಬಿಡಿಸಿದ್ದು. ಚನ್ನಪಟ್ಟಣದ ನರ್ಸ್ ಒಬ್ಬರಿದ್ದರು. “ಜ್ವರ ಇತ್ತಾ? ಎಷ್ಟು ತಿಂಗಳು?” ಎಂದರು. ಒಂಬತ್ತು ಎಂದೆ. “ಜ್ವರಕ್ಕೆ ಬರೋ ಫಿಟ್ಸು, ನಿಂತ್ಹೋಗುತ್ತೆ. ಫೋನ್ ಸಿಕ್ರೆ ಎರಡೇ ಮಾತು ಹೇಳಿ. ಮಗ್ಗುಲಿಗೆ ಮಲಗ್ಸಿ, ಬಾಯಿಗೆ ಏನೂ ಹಾಕ್ಬೇಡಿ.” ಬೋಗಿಯಲ್ಲಿದ್ದ ಬೇರೆ ಬೇರೆ ಕಂಪನಿಯ ಸಿಮ್ಮಿನ ಫೋನುಗಳೆಲ್ಲ ಹೊರಬಂದವು. ಯಾರದೋ ಫೋನಿನಿಂದ ಕರೆ ಹೋಯಿತು. ನನ್ನ ಬಾಯಿಂದ ಆ ಎರಡು ಮಾತು ಬರಲಿಲ್ಲ, ನರ್ಸೇ ಹೇಳಿದರು. ಆ ಕಡೆಯಿಂದ ಆಟೋದ ಸದ್ದು ಕೇಳಿಸಿತು. ಆಸ್ಪತ್ರೆಗೆ ಹೊರಟಾಗಿತ್ತು.

ಗಾಡಿ ಎಷ್ಟು ಹೊತ್ತು ನಿಂತಿತ್ತೋ ಆಮೇಲೆ ಯಾರನ್ನೂ ಕೇಳಲಿಲ್ಲ. ಬಿಡದಿಗೆ ಬಂದಾಗ ಇಳಿದು ಬಸ್ಸು ಹಿಡಿಯಲೇ, ಇಲ್ಲೇ ಇರಲೇ ಎಂದು ಒಂದು ಕ್ಷಣ ಯೋಚಿಸಿ ಅಲ್ಲೇ ಉಳಿದೆ. ಬಾಗಿಲ ಹತ್ತಿರ ಜಾಗ ಬಿಟ್ಟುಕೊಟ್ಟರು. ಅಷ್ಟು ಜನರಿದ್ದ ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ ಎನ್ನುವುದು ಸುಳ್ಳು. ಎಲ್ಲರೂ ಮಾತಾಡುತ್ತಿದ್ದರು, ತಮ್ಮ ತಮ್ಮ ಮಕ್ಕಳಿಗೆ ಬಂದ ಫಿಟ್ಸಿನ ಕಥೆ ಹೇಳುತ್ತಿದ್ದರು, ಕಬ್ಬಿಣದ ಬೀಗದಕೈ ಹಿಡಿಸಬೇಕು, ಈರುಳ್ಳಿ ಮೂಸಿಸಬೇಕು ಎನ್ನುತ್ತಿದ್ದರು. ನರ್ಸ್ ಎಲ್ಲರನ್ನೂ ಗದರುತ್ತಿದ್ದರು. ಅವರ ಊರು ಇನ್ನೂ ಮುಂದೆ. ಆದರೂ ರಾಮನಗರದಲ್ಲಿ ನನ್ನ ಜೊತೆ ಇಳಿದರು.

ಆಸ್ಪತ್ರೆಯಲ್ಲಿ ಮಗ ನಿದ್ದೆ ಮಾಡುತ್ತಿದ್ದ. ಇವರು ಬೈಕಿನಲ್ಲಿ ನನಗಿಂತ ಮೊದಲು ಬಂದು ತಲುಪಿದ್ದರು, ಹೆಲ್ಮೆಟ್ ತೆಗೆಯುವುದನ್ನೇ ಮರೆತಿದ್ದರು. ದಾದಿಯ ಸೀರೆಯ ಸೆರಗಿನ ತುಂಬ ಮಗನ ವಾಂತಿ. ಡಾಕ್ಟರು ಸಮಾಧಾನವಾಗಿಯೇ ಹೇಳಿದರು: ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಜ್ವರ ಏರಿದಾಗ ಹೀಗೆ ಬರುವುದುಂಟು, ಬಹುಪಾಲು ಮಕ್ಕಳಿಗೆ ಇದರಿಂದ ಮುಂದೆ ತೊಂದರೆಯಿಲ್ಲ, ಬೀಗದಕೈಯಿಂದ ಏನೂ ಆಗುವುದಿಲ್ಲ, ಐದು ನಿಮಿಷದ ಮೇಲೂ ನಿಲ್ಲದಿದ್ದರೆ ತಡಮಾಡಬಾರದು. ದಾದಿ ಒಲೆಯ ಮೇಲೆ ಬೇಯುತ್ತಿದ್ದ ಗೂಡನ್ನು ಹಾಗೇ ಬಿಟ್ಟು ಓಡಿದ್ದರು. ಆ ದಿನದ ಗೂಡು ಕರಗಿ ನೂಲು ಹಾಳಾಯಿತು ಎಂದು ತಿಂಗಳ ಮೇಲೆ ಅವರ ಮೊಮ್ಮಗನಿಂದ ನನಗೆ ತಿಳಿಯಿತು.

ಆಮೇಲಿನ ಎರಡು ವಾರ ಮನೆಯಲ್ಲಿ ಜಗಳವೇ. ಕೆಲಸ ಬಿಡು ಎಂದು ಇವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದರು. ಕೆಂಗೇರಿಗೆ ಹೋಗೋಣ, ಮೆಟ್ರೋ ಇದೆ, ಅಕ್ಟೋಬರಿನಿಂದ ಚಲ್ಲಘಟ್ಟದವರೆಗೂ ಬಂದಿದೆ ಎಂದರು. ಅಲ್ಲಿ ಹಗಲು ಮಗನನ್ನು ಯಾರ ಕೈಗೆ ಕೊಡುವುದು ಎಂದೆ. ಡೇ ಕೇರ್ ಎಂದರು. ಅದರ ಶುಲ್ಕ, ಅಲ್ಲಿನ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸು ಸೇರಿಸಿದರೆ ನನ್ನ ಸಂಬಳದಲ್ಲಿ ಉಳಿಯುವುದು ರೈಲಿನ ಪಾಸಿನಷ್ಟು. ದುಡ್ಡಿನ ಲೆಕ್ಕ ನನಗೆ ಬರುತ್ತದೆ, ಅದು ನನ್ನ ಕಸುಬು. ಆದರೆ ಒಲೆ ಬಿಟ್ಟು ಓಡುವ ಹೆಂಗಸನ್ನು ಯಾವ ಖಾತೆಯಲ್ಲಿ ಬರೆಯುವುದೋ ಗೊತ್ತಾಗಲಿಲ್ಲ. ಉಳಿದೆವು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಸಾಲು ನಿಂತಾಗ, ಎರಡು ವರ್ಷ ನಮ್ಮನ್ನು ‘ಹಳ್ಳಿಗೆ ಹೋದವರು’ ಎಂದು ನಕ್ಕಿದ್ದ ಗೆಳತಿಯರು ಫೋನು ಮಾಡಿ ಮನೆ ಇದೆಯೇ ಎಂದು ಕೇಳಿದರು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ತೀರ್ಮಾನಿಸಿತು. ಹೆಸರು ಬಂದ ತಿಂಗಳಿಗೇ ನಮ್ಮ ಮಾಲೀಕರು ಬಾಡಿಗೆ ಏರಿಸಿದರು. ಮೆಜೆಸ್ಟಿಕ್ ಮಾತ್ರ ಇದ್ದಲ್ಲೇ ಇದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳಿವೆ. ಈ ಕಡೆ ಬರುವ ಪಾರಿಜಾತ ಕೆಂಗೇರಿಗೆ ನಿಲ್ಲುತ್ತದೆ.

ಈಗ ದಾದಿ ಊರು ಬಿಡುತ್ತಿದ್ದಾರೆ. ಆಟೋಮ್ಯಾಟಿಕ್ ರೀಲಿಂಗ್ ಯಂತ್ರಗಳ ಮುಂದೆ ಅವರ ಬೇಸಿನ್ನುಗಳ ನೂಲಿಗೆ ಬೆಲೆ ಸಿಗುತ್ತಿಲ್ಲ, ಕೂಲಿಗೆ ಜನವೂ ಇಲ್ಲ, ಮೊಮ್ಮಕ್ಕಳಿಗೆ ಬಿಸಿನೀರಿನ ಕಸುಬು ಬೇಡ. ಶಿಡ್ಲಘಟ್ಟದಲ್ಲಿರುವ ದೊಡ್ಡ ಮಗಳ ಮನೆಗೆ ಹೋಗುತ್ತಾರೆ. ಕಾಟೇಜ್ ಬೇಸಿನ್ ಕಬ್ಬಿಣದ ತೂಕಕ್ಕೆ ಹೋಯಿತು. ಮಗನಿಗೆ ಎರಡೂವರೆ ತುಂಬಿದೆ, ಜ್ವರ ಬಂದರೆ ನನಗೆ ಈಗಲೂ ರಾತ್ರಿಯಿಡೀ ನಿದ್ದೆಯಿಲ್ಲ. ಮಗಳಿಗೆ ಶಾಲೆ ಮೂರೂವರೆಗೆ ಬಿಡುತ್ತದೆ.

ಹಾಗಾಗಿ ಮತ್ತೆ ಮನೆ ಹುಡುಕುತ್ತಿದ್ದೇವೆ. ಈ ಸಲ ಇವರ ವಾರದ ರಜೆ ಬುಧವಾರಕ್ಕೆ ಬಿದ್ದಿದ್ದರಿಂದ ನಾನೂ ಅಂದೇ ರಜೆ ಹಾಕಿ, ಊಟದ ಹೊತ್ತು ಮುಗಿದ ಮೇಲೆ ಹೋಗಿ ಬೀದಿಗಳನ್ನು ನೋಡುತ್ತೇವೆ. ರಾಮನಗರದಲ್ಲೇ ಮೂರು ಬೀದಿ ಆಚೆ ಒಂದು ಮನೆ ಹಿಡಿಸಿತು. ಎತ್ತರದ ಜಾಗ, ಕೆಳಗೆ ಮಾಲೀಕರ ಮನೆ, ಬಾಗಿಲಲ್ಲಿ ತುಳಸಿ. ಮಕ್ಕಳೆಷ್ಟು, ಮಾಂಸ ಮಾಡುತ್ತೀರಾ, ನೆಂಟರು ಬರುತ್ತಾರಾ ಎಂದು ಆ ಹೆಂಗಸು ಕೇಳಬೇಕಾದದ್ದನ್ನೆಲ್ಲ ಕೇಳಿದರು. ಕೊನೆಗೆ ನಾನು ಒಂದು ಕೇಳಿದೆ, “ಹಗಲು ಹೊತ್ತು ನೀವು ಮನೇಲೇ ಇರ್ತೀರಾ ಅಕ್ಕ?”

ಆಕೆ ನಕ್ಕರು. “ಎಲ್ಲಿಯ ಮನೆ? ಇವತ್ತು ಹಲ್ಲುನೋವು ಅಂತ ರಜಾ ಹಾಕಿವ್ನಿ. ಬೆಳಗಾದ್ರೆ ಗಾರ್ಮೆಂಟ್ಸ್ ವ್ಯಾನು ಬತ್ತದೆ.” ಆಮೇಲೆ, ನಾನು ಎಲ್ಲಿ ಕೆಲಸಕ್ಕೆ ಹೋಗುತ್ತೇನೆ, ತನ್ನ ಸೊಸೆಗೂ ಅಲ್ಲಿ ಏನಾದರೂ ಸಿಗಬಹುದೇ ಎಂದು ವಿಚಾರಿಸಿದರು.